ಮಳಿಗೆಯ ಬಾಡಿಗೆಯೂ ವಿದ್ಯುತ್ತಿನ ಲೆಕ್ಕವೂ

ಸರ್ಕಾರದವರು 2023ನೆಯ ಇಸವಿಯಲ್ಲಿ ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದಾಗ, ಬಾಡಿಗೆಯ ಮನೆಯಲ್ಲಿರುವವರಿಗೂ ಅದರ ಫಲವು ಸಲ್ಲತಕ್ಕದ್ದೆಂದು ಒಪ್ಪಿದರು. ಅದು ನ್ಯಾಯವೇ ಸರಿ. ಆದರೆ ಅದೇ ಬಾಡಿಗೆದಾರನು ಮನೆಯ ಹೊಸ್ತಿಲನ್ನು ದಾಟಿ ತನ್ನ ಅಂಗಡಿಯ ಮೆಟ್ಟಲನ್ನೇರಿದನೆಂದರೆ ಅವನ ವಿದ್ಯುತ್ತಿನ ಲೆಕ್ಕವನ್ನು ವಿಚಾರಿಸುವವರೇ ಇಲ್ಲ. ವರ್ತಕರಿಗೆ ಬಿಟ್ಟಿ ವಿದ್ಯುತ್ತನ್ನು ಕೊಡಿರೆಂದು ನಾವು ಕೇಳುತ್ತಿಲ್ಲ. ಸರಿಯಾದ ಲೆಕ್ಕವನ್ನು ಮಾತ್ರ ಕೇಳುತ್ತಿದ್ದೇವೆ.

ನಮ್ಮ ಪಟ್ಟಣಗಳ ಎಷ್ಟೋ ವಾಣಿಜ್ಯ ಕಟ್ಟಡಗಳಲ್ಲಿ ಮುಖ್ಯ ಮೀಟರು ಒಂದೇ. ಅದು ಮಾಲೀಕರ ಹೆಸರಿನಲ್ಲಿರುವುದು. ಒಳಗಣ ಮಳಿಗೆಗಳಿಗೆ ಮಾಲೀಕರೇ ಸಣ್ಣ ಮೀಟರುಗಳನ್ನಿಟ್ಟು, ಯೂನಿಟ್ಟಿಗೆ ಇಷ್ಟೆಂದು ತಾವೇ ದರವನ್ನು ಗೊತ್ತುಮಾಡುವುದುಂಟು. ಮೂಲ ಬಿಲ್ಲನ್ನು ಬಾಡಿಗೆದಾರನು ಕಣ್ಣಿನಿಂದ ಕಾಣನು. ಮಂಜೂರಾದ ಕಿಲೋವಾಟಿನ ಮೇಲೆ ಬೀಳುವ ನಿಗದಿತ ಶುಲ್ಕ, ಲಿಫ್ಟು, ನೀರಿನ ಪಂಪು, ಜನರೇಟರಿನ ಡೀಸೆಲ್, ಇವೆಲ್ಲವನ್ನೂ ಚದರಡಿಯ ಮೇಲೆ ಹಂಚಿದರೆ, ಒಂದು ಫ್ಯಾನು ಎರಡು ದೀಪಗಳ ದರ್ಜಿಯು ಮಹಡಿಯ ಮೇಲಿನ ಹವಾನಿಯಂತ್ರಿತ ಕಚೇರಿಯ ಪಾಲನ್ನೂ ಹೊರಬೇಕಾಗುತ್ತದೆ.

ಶಾಸನವಿಲ್ಲವೆಂದಲ್ಲ. 2003ರ ವಿದ್ಯುಚ್ಛಕ್ತಿ ಶಾಸನದ 43ನೆಯ ಪ್ರಕರಣವು ಕಟ್ಟಡದ ಮಾಲೀಕನು ಮಾತ್ರವಲ್ಲದೆ ಅದರಲ್ಲಿ ವಾಸ್ತವವಾಗಿ ಇರುವವನೂ ಸಂಪರ್ಕವನ್ನು ಕೇಳಬಹುದೆಂದು ವಿಧಿಸಿದೆ. ಆದರೆ ಕರಾರು ಪತ್ರವೇ ಇಲ್ಲದೆ ಬಾಯಿಮಾತಿನ ಮೇಲೆ ಮಳಿಗೆಯನ್ನು ಹಿಡಿದವನು ತಾನು ಅಲ್ಲಿರುವೆನೆಂದು ಯಾವ ಕಾಗದದಿಂದ ತೋರಿಸಿಯಾನು?

ಇದಕ್ಕಿಂತಲೂ ಆಳವಾದ ತೊಡಕು ಬೇರೊಂದಿದೆ. ಪಶ್ಚಿಮಕ್ಕೆ ಗಾಜಿನ ಗೋಡೆ, ತಲೆಯ ಮೇಲೆ ಕಾದ ತಗಡು. ಒಳಗೆ ಹಗಲೆಲ್ಲ ಯಂತ್ರವು ತಂಪನ್ನು ಕಾರಬೇಕು. ಆ ಮಾಡನ್ನು ಸರಿಪಡಿಸುವ ಅಧಿಕಾರವು ಮಾಲೀಕರದು. ಬಿಲ್ಲು ತೆರುವ ಭಾರವು ಬಾಡಿಗೆದಾರನದು. ತನ್ನ ಗಂಟಿನಿಂದ ಹೋಗದ ಹಣವನ್ನು ಉಳಿಸಲು ಮಾಲೀಕನು ಏಕೆ ಖರ್ಚುಮಾಡಿಯಾನು? ಹನ್ನೊಂದು ತಿಂಗಳ ಕರಾರಿನವನು ಪರರ ಮಾಡಿಗೆ ಏಕೆ ಹಣ ಸುರಿದಾನು? ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಬುದ್ಧಿವಂತರೇ. ನಷ್ಟವಾಗುವುದು ಮಾತ್ರ ನಿಲ್ಲುವುದಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಈ ಗಂಟನ್ನು ಮಾಲೀಕರ ಕಡೆಯಿಂದ ಬಿಚ್ಚತೊಡಗಿದರು. ಇಂಧನದ ದರ್ಜೆಯಲ್ಲಿ ‘ಇ’ಗಿಂತ ಕೆಳಗಿರುವ ವಾಣಿಜ್ಯ ಕಟ್ಟಡವನ್ನು, ವಿನಾಯಿತಿಯಿಲ್ಲದ ಹೊರತು, 2018ರ ಏಪ್ರಿಲ್‌ನಿಂದ ಹೊಸದಾಗಿ ಬಾಡಿಗೆಗೆ ಕೊಡಕೂಡದು, 2023ರಿಂದ ಹಳೆಯ ಬಾಡಿಗೆಗಳನ್ನು ಮುಂದುವರಿಸಲೂ ಕೂಡದು. ನಮ್ಮಲ್ಲಿ 2007ರಲ್ಲಿ ಬಂದು 2017ರಲ್ಲಿ ತಿದ್ದುಪಾಟಾದ ಕಟ್ಟಡಗಳ ಇಂಧನ ಸಂಹಿತೆಯು ನೂರು ಕಿಲೋವಾಟಿನ ಮೇಲ್ಪಟ್ಟ ದೊಡ್ಡ ಕಟ್ಟಡಗಳನ್ನು ಉದ್ದೇಶಿಸಿ ಮಾಡಿದ್ದು. ಪೇಟೆಯ ಹತ್ತು ಮಳಿಗೆಗಳ ಕಟ್ಟಡವು ಅದರ ಕಣ್ಣಿಗೆ ಬೀಳುವುದೇ ಅಪರೂಪ.

ವಿಲಾಯತಿಯ ಕಟ್ಟಳೆಯನ್ನು ನಾಳೆಯೇ ಇಲ್ಲಿಗೆ ತರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮಳಿಗೆಗೊಂದು ಪ್ರತ್ಯೇಕ ಮೀಟರು, ಮೂಲ ಬಿಲ್ಲಿನ ನಕಲು, ಸಾಮಾನ್ಯ ವೆಚ್ಚದ ಹಂಚಿಕೆಯನ್ನು ಬರೆದ ಕರಾರು, ಬಾಡಿಗೆದಾರನೇ ಮಾಡನ್ನು ಸುಧಾರಿಸಿದಲ್ಲಿ ದೀರ್ಘಾವಧಿಯ ಗುತ್ತಿಗೆ, ಇಷ್ಟಕ್ಕೆ ಹೊಸ ಶಾಸನವೇನೂ ಬೇಡ. ನಗರಸಭೆ ಪುರಸಭೆಗಳು ತಾವೇ ಮಳಿಗೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುತ್ತಿರುವುವಷ್ಟೆ. ಮುಂದಿನ ಹರಾಜಿನ ಷರತ್ತುಗಳಲ್ಲಿ ಈ ನಾಲ್ಕು ಮಾತುಗಳನ್ನು ಸೇರಿಸಲು ಅಧಿಕಾರಿಗಳಿಗೆ ಅಡ್ಡಿಯೇನೆಂಬುದನ್ನು ನಾವು ತಿಳಿಯಬಯಸುತ್ತೇವೆ.