ಉಪಕರಣವೋ, ಪರಿಗ್ರಹವೋ?

ಸ್ವಾಧ್ಯಾಯ ಮುಗಿಸಿ ಬಸದಿಯಿಂದ ಹೊರಡುತ್ತಿದ್ದಾಗ ಬಂಧುಗಳ ಮಗನೊಬ್ಬ ಜತೆಗೂಡಿದ. ಓದು ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾದ ತರುಣ. ಎರಡು ಪ್ರೊಸೆಸರ್‌ಗಳುಳ್ಳ ಬಲಶಾಲಿಯಾದ ಡೆಸ್ಕ್‌ಟಾಪ್ ಕಂಪ್ಯೂಟರೊಂದನ್ನು ತಾನೇ ಜೋಡಿಸಿಕೊಳ್ಳಬೇಕೆಂಬುದು ಅವನ ಬಹುದಿನದ ಆಸೆ. ಅವನ ಓದಿಗಾಗಿ ತಂದೆ ಮಾಡಿದ ಸಾಲ ಇನ್ನೂ ಅರ್ಧದಷ್ಟು ಉಳಿದಿದೆ. ಈ ಖರೀದಿಯ ಮಾತೆತ್ತಿದ ದಿನದಿಂದ ತಂದೆ-ಮಕ್ಕಳ ನಡುವೆ ಮಾತೇ ನಿಂತಿದೆಯಂತೆ. “ಮಾವ, ಅಪ್ಪ ಇದನ್ನು ದುಂದು ಎನ್ನುತ್ತಾರೆ. ಶಾಸ್ತ್ರವನ್ನು ಜ್ಞಾನೋಪಕರಣ ಎನ್ನುತ್ತೇವಲ್ಲವೇ? ನನಗೆ ಕಂಪ್ಯೂಟರೂ ಹಾಗೆಯೇ. ಇದು ಉಪಕರಣವೋ, ಪರಿಗ್ರಹವೋ, ನೀವೇ ಹೇಳಿ” ಎಂದ.

ಪ್ರಶ್ನೆ ಸಣ್ಣದಲ್ಲ. ಸರ್ವಸಂಗ ಪರಿತ್ಯಾಗಿಗಳಾದ ದಿಗಂಬರ ಮುನಿಗಳೂ ಪಿಂಛಿ, ಕಮಂಡಲು, ಶಾಸ್ತ್ರ ಎಂಬ ಮೂರು ಉಪಕರಣಗಳನ್ನು ಇರಿಸಿಕೊಳ್ಳುತ್ತಾರೆ. ಒಂದು ಸಂಯಮಕ್ಕೆ, ಒಂದು ಶೌಚಕ್ಕೆ, ಒಂದು ಜ್ಞಾನಕ್ಕೆ. ವಸ್ತು ಕೈಯಲ್ಲಿದ್ದ ಮಾತ್ರಕ್ಕೆ ಅದು ಪರಿಗ್ರಹವಾಗುವುದಿಲ್ಲ. ಅದರ ಮೇಲಣ ಮೂರ್ಛೆ, ಅಂದರೆ ಮಮತ್ವದ ಮೈಮರೆವು, ಪರಿಗ್ರಹವೆಂದು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಆದುದರಿಂದ ಆ ತರುಣನಿಗೆ ಒಮ್ಮೆಲೇ ಹೌದು ಎನ್ನಲಾಗಲಿ ಅಲ್ಲ ಎನ್ನಲಾಗಲಿ ಬರುವಂತಿರಲಿಲ್ಲ. ಯಾವುದೇ ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ಪರೀಕ್ಷಿಸಬೇಕೆಂಬುದು ನಮ್ಮ ಹಿರಿಯರು ತೋರಿದ ದಾರಿ. ಯಂತ್ರವನ್ನೂ ಹಾಗೆಯೇ ಪರೀಕ್ಷಿಸೋಣ.

ಮೊದಲನೆಯದು ದ್ರವ್ಯ. ಎರಡು ಪ್ರೊಸೆಸರ್ ಇದ್ದರೆ ಕೆಲಸ ಎರಡು ಪಟ್ಟು ಬೇಗ ಮುಗಿಯುತ್ತದೆಯೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಅದು ಯಂತ್ರಕ್ಕಿಂತ ಹೆಚ್ಚಾಗಿ ಕೆಲಸದ ಸ್ವಭಾವವನ್ನು ಅವಲಂಬಿಸಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಕೇಳಿದ್ದೇವೆ. ಪ್ರತಿ ಮಾಡುವ ಕಾರ್ಯದಲ್ಲಿ ಲಿಪಿಕಾರರು ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆ. ಒಬ್ಬನು ಇನ್ನೊಬ್ಬನಿಗಾಗಿ ಕಾಯಬೇಕಿಲ್ಲ. ಆದರೆ ಶಾಂತಿಪುರಾಣವನ್ನು ರಚಿಸಿದವನು ಪೊನ್ನನೊಬ್ಬನೇ. ಸಾವಿರ ಜನರನ್ನು ಕೂರಿಸಿದ್ದರೂ ಆ ಕಾವ್ಯ ಸಾವಿರ ಪಟ್ಟು ಬೇಗ ಹುಟ್ಟುತ್ತಿರಲಿಲ್ಲ.

ಇದೇ ವಿವೇಕವನ್ನು ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲಿ ಲೆಕ್ಕದ ಮೂಲಕ ಮುಂದಿಟ್ಟರು. ಒಂದು ಕೆಲಸದಲ್ಲಿ ಅರ್ಧದಷ್ಟು ಭಾಗವನ್ನು ಹಂಚಲು ಬಾರದಿದ್ದರೆ, ಪ್ರೊಸೆಸರ್‌ಗಳನ್ನು ಎಷ್ಟು ಹೆಚ್ಚಿಸಿದರೂ ವೇಗ ಎರಡು ಪಟ್ಟನ್ನು ಮೀರದು. ಅಂತಹ ಕೆಲಸಕ್ಕೆ ಒಂದರ ಬದಲು ಎರಡು ಪ್ರೊಸೆಸರ್ ಇಟ್ಟರೆ ದೊರೆಯುವ ವೇಗ ಸುಮಾರು ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇದರೊಂದಿಗೆ ಇನ್ನೊಂದು ತೊಡಕುಂಟು. ಇಂತಹ ಹಲವು ಯಂತ್ರಗಳಲ್ಲಿ ಪ್ರತಿಯೊಂದು ಪ್ರೊಸೆಸರಿಗೂ ತನ್ನದೇ ಮೆಮೊರಿ ಹತ್ತಿರದಲ್ಲಿರುತ್ತದೆ. ಬೇಕಾದ ಮಾಹಿತಿ ಇನ್ನೊಂದರ ಬಳಿಯಿದ್ದರೆ ಅದನ್ನು ತರುವುದರಲ್ಲಿ ಹೊತ್ತು ಹೋಗುತ್ತದೆ. ಮನೆಯ ಬಳಕೆಗೆಂದು ಬರುವ ವಿಂಡೋಸ್ 10 ಮತ್ತು 11ರ ಹೋಮ್ ಆವೃತ್ತಿಗಳಂತೂ ಎರಡನೆಯ ಪ್ರೊಸೆಸರನ್ನು ಬಳಸಿಕೊಳ್ಳುವುದೇ ಇಲ್ಲ.

ಎರಡನೆಯದು ಕ್ಷೇತ್ರ. ಯಂತ್ರ ಇರುವುದು ಮನೆಯ ಕೋಣೆಯಲ್ಲಿ. ಇಂಟೆಲ್ ಸಂಸ್ಥೆ 2008ರಲ್ಲಿ ‘ಸ್ಕಲ್‌ಟ್ರೇಲ್’ ಎಂಬ ಹೆಸರಿನಲ್ಲಿ ಹವ್ಯಾಸಿಗಳಿಗಾಗಿಯೇ ಹೊರತಂದ ವ್ಯವಸ್ಥೆಯಲ್ಲಿ ಒಂದೊಂದು ಪ್ರೊಸೆಸರಿನ ಉಷ್ಣದ ಪ್ರಮಾಣ 150 ವಾಟ್. ಎರಡಕ್ಕೆ 300 ವಾಟ್. ಪೂರ್ಣ ಬಲದಲ್ಲಿ ದಿನಕ್ಕೆ 8 ಗಂಟೆ ನಡೆದರೆ ತಿಂಗಳಿಗೆ ಪ್ರೊಸೆಸರ್‌ಗಳಿಗಾಗಿಯೇ ಸುಮಾರು 72 ಯೂನಿಟ್ ವಿದ್ಯುತ್ತು. ಉಳಿದ ಭಾಗಗಳ ಖರ್ಚು ಬೇರೆ. ಆ ಕಾವನ್ನು ಹೊರಹಾಕಲು ಎಡೆಬಿಡದೆ ತಿರುಗುವ ಫ್ಯಾನುಗಳು ಬೇಕು. ಕೋಣೆಯ ಸೆಕೆಗೆ ಮತ್ತೊಂದು ಫ್ಯಾನು ಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನು ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿ ಬೀಸುವುದು ಈ ದೋಷಕ್ಕೆ ಸೇರುತ್ತವೆ. ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬ ಚರ್ಚೆ ಸಮಾಜದಲ್ಲಿ ಇಂದಿಗೂ ನಡೆದಿದೆ, ಅದು ಹಾಗಿರಲಿ. ಆ ವಿದ್ಯುತ್ತನ್ನು ಉತ್ಪಾದಿಸಲು ಎಲ್ಲಿಯೋ ಕಲ್ಲಿದ್ದಲು ಉರಿಯುತ್ತದೆ, ನದಿಗೆ ಅಡ್ಡ ಗೋಡೆ ಏಳುತ್ತದೆ ಎಂಬುದರಲ್ಲಿ ಚರ್ಚೆಯಿಲ್ಲ. ಪ್ರಯೋಜನವಿದ್ದು ಮಾಡುವ ಆರಂಭ ಗೃಹಸ್ಥನಿಗೆ ಅನಿವಾರ್ಯ. ಪ್ರಯೋಜನವಿಲ್ಲದೆ ಮಾಡಿದರೆ ಅದು ಅನರ್ಥದಂಡ. ಸುಮ್ಮನೆ ಕುಳಿತ ಎರಡನೆಯ ಪ್ರೊಸೆಸರೂ ಒಂದಿಷ್ಟು ವಿದ್ಯುತ್ತನ್ನು ನುಂಗುತ್ತಲೇ ಇರುತ್ತದೆ.

ಮೂರನೆಯದು ಕಾಲ. ಈ ಯಂತ್ರಗಳ ಚರಿತ್ರೆಯೇ ಅನಿತ್ಯಾನುಪ್ರೇಕ್ಷೆಯ ಪಾಠದಂತಿದೆ. 1999ರಲ್ಲಿ ಅಬಿಟ್ ಸಂಸ್ಥೆಯ ಬಿಪಿ6 ಎಂಬ ಮದರ್‌ಬೋರ್ಡ್ ಬಂದಾಗ ಅಗ್ಗದ ಎರಡು ಸೆಲೆರಾನ್‌ಗಳನ್ನು ಜೋಡಿಸಿ ಹವ್ಯಾಸಿಗಳು ಹಿಗ್ಗಿದರು. ಅಂದಿನ ಮನೆಗಳಲ್ಲಿದ್ದ ವಿಂಡೋಸ್ 98 ಅವುಗಳಲ್ಲಿ ಒಂದನ್ನು ಮಾತ್ರ ಬಳಸುತ್ತಿತ್ತು. 2006ರ ನವೆಂಬರಿನಲ್ಲಿ ಎಎಂಡಿ ಸಂಸ್ಥೆ ‘ಕ್ವಾಡ್ ಎಫ್ಎಕ್ಸ್’ ತಂದಿತು. ಎರಡು ಪ್ರೊಸೆಸರ್ ಸೇರಿ ನಾಲ್ಕು ಕೋರ್. ಅದೇ ತಿಂಗಳು ಇಂಟೆಲ್ ಒಂದೇ ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳನ್ನು ಕೊಟ್ಟಾಗಿತ್ತು. ಮುಂದೆ ಅದೇ ಬೋರ್ಡಿನಲ್ಲಿ ಎಂಟು ಕೋರ್‌ಗಳನ್ನು ಕೂರಿಸಬಹುದೆಂಬ ಭರವಸೆ ಕೈಗೂಡಲಿಲ್ಲ. ಸ್ಕಲ್‌ಟ್ರೇಲ್‌ನ ಪ್ರೊಸೆಸರ್ ಒಂದಕ್ಕೆ ಸುಮಾರು 1,500 ಡಾಲರ್, ಎರಡಕ್ಕೆ 3,000. ಅಷ್ಟು ತೆತ್ತು ಪಡೆದದ್ದು ಎಂಟು ಕೋರ್. 2017ರಲ್ಲಿ ಎಎಂಡಿಯ ರೈಜನ್ 7 1700 ಎಂಟು ಕೋರ್‌ಗಳನ್ನು ಒಂದೇ ಬಿಲ್ಲೆಯಲ್ಲಿ 329 ಡಾಲರಿಗೆ, 65 ವಾಟ್‌ಗಳಲ್ಲಿ ನೀಡಿತು. 2020ರ ಥ್ರೆಡ್‌ರಿಪ್ಪರ್ 3990ಎಕ್ಸ್ ಒಂದರಲ್ಲಿಯೇ 64 ಕೋರ್‌ಗಳಿವೆ. ಒಂಬತ್ತು ವರ್ಷಗಳಲ್ಲಿ ರಾಜರಥ ಎತ್ತಿನ ಗಾಡಿಯಾಯಿತು.

ನಾಲ್ಕನೆಯದು ಭಾವ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪರಿಗ್ರಹಗಳಲ್ಲಿ ಬಾಹ್ಯ ಹತ್ತು, ಆಭ್ಯಂತರ ಹದಿನಾಲ್ಕು ಎನ್ನುತ್ತದೆ ಆಗಮ. ಅಂಗಡಿಯಲ್ಲಿ ಸಿಗುವುದಕ್ಕಿಂತ ಅಂತರಂಗದಲ್ಲಿ ಅಡಗಿರುವುದೇ ಹೆಚ್ಚು. ನಾನು ಆ ತರುಣನನ್ನು ಕೇಳಿದೆ: “ಯಾವ ಕೆಲಸಕ್ಕೆ ಬೇಕಪ್ಪ?” ಅವನು ಮೊದಲು ಓದಿನ ಮಾತಾಡಿದ, ಬಳಿಕ ಆಟಗಳ ಮಾತಾಡಿದ. ಕೊನೆಗೆ, ಯಂತ್ರದ ವೇಗವನ್ನು ಅಳೆದು ಅಂಕಗಳ ಪಟ್ಟಿಯಲ್ಲಿ ತನ್ನ ಹೆಸರನ್ನು ಮೇಲೆ ಕಾಣುವ ಆಸೆಯಿದೆಯೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ.

ನನಗೆ ಭರತ ಚಕ್ರವರ್ತಿಯ ನೆನಪಾಯಿತು. ಷಟ್ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ತನ್ನ ಪ್ರಶಸ್ತಿಯನ್ನು ಬರೆಯಿಸಲು ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದಲೇ ಆ ಗಿರಿ ತುಂಬಿಹೋಗಿತ್ತು. ತನ್ನಂತಹವರು ಎಷ್ಟೊಂದು ಮಂದಿ ಆಗಿಹೋದರೆಂದು ಅವನ ಗರ್ವ ಕರಗಿತು. ಕಡೆಗೆ ಒಬ್ಬನ ಹೆಸರನ್ನು ಅಳಿಸಿಯೇ ತನ್ನದನ್ನು ಬರೆಯಿಸಬೇಕಾಯಿತು. ಅಳಿಸಿ ಬರೆದ ಹೆಸರನ್ನು ಮುಂದೆ ಬರುವವನು ಅಳಿಸದಿರುವನೇ? ಅಂಕಪಟ್ಟಿಗಳ ಗತಿಯೂ ಇದೇ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿಲೋಭಗಳ ಜತೆಗೆ ವಿಸ್ಮಯವನ್ನೂ ಸಮಂತಭದ್ರರು ಎಣಿಸಿರುವುದು ಸುಮ್ಮನೆ ಅಲ್ಲ. ಸಿರಿಯನ್ನು ಕಂಡು ಬೆರಗಾಗುವ ಕಣ್ಣೇ ಎಲ್ಲೆಯನ್ನು ಮೊದಲು ದಾಟುತ್ತದೆ.

ಹಾಗಾದರೆ ಇಂತಹ ಯಂತ್ರವನ್ನು ಯಾರೂ ಕೊಳ್ಳಬಾರದೇ? ಹಾಗೆಂದರೆ ಅದು ಏಕಾಂತವಾದವಾದೀತು. ಚಲನಚಿತ್ರದ ದೃಶ್ಯಗಳನ್ನು ಗಣಿಸಿ ರೂಪಿಸುವವರು, ದೊಡ್ಡ ವೈಜ್ಞಾನಿಕ ಲೆಕ್ಕಗಳನ್ನು ಹಗಲಿರುಳು ನಡೆಸುವವರು, ಸಾವಿರಾರು ತಾಳೆಗರಿಗಳ ಚಿತ್ರಗಳನ್ನು ಸಂಸ್ಕರಿಸುವ ಸಂಸ್ಥೆಗಳವರು, ಇವರೆಲ್ಲರ ಕೆಲಸ ಅತ್ತಿಮಬ್ಬೆಯ ಲಿಪಿಕಾರರ ಕೆಲಸದಂತೆ ಹಂಚಿಕೆಗೆ ಒಗ್ಗುವಂಥದು. ಒಂದು ಪ್ರೊಸೆಸರಿನ ಮೆಮೊರಿಯೂ ಕೋರ್‌ಗಳೂ ಸಾಲದೆ ಹೋದಾಗ ಅಂಥವರಿಗೆ ಎರಡು ಪ್ರೊಸೆಸರಿನ ಯಂತ್ರ ನಿಜವಾದ ಉಪಕರಣ. ಭೋಗದ ನಡುವೆಯೂ ಯೋಗಿಯಾಗಿದ್ದ ಭರತೇಶನನ್ನು ರತ್ನಾಕರವರ್ಣಿ ಚಿತ್ರಿಸಿದ್ದಾನೆ; ಮೂರ್ಛೆಯಿಲ್ಲದೆ ಇರಿಸಿಕೊಳ್ಳಬಲ್ಲವನಿಗೆ ವಸ್ತು ಬಂಧನವಲ್ಲ. ಆದರೆ ಭರತೇಶನ ಹೆಸರು ಹೇಳಿ ನಮ್ಮ ಭೋಗವನ್ನು ಸಮರ್ಥಿಸಿಕೊಳ್ಳುವುದು ಸುಲಭ, ಅವನ ವೈರಾಗ್ಯವನ್ನು ಸಾಧಿಸುವುದು ಕಠಿಣ. ಮನೆಯಲ್ಲಿ ಆಡುವ, ಓದುವ, ಬರೆಯುವ ಸಾಮಾನ್ಯ ಗೃಹಸ್ಥನಿಗೆ ಹವ್ಯಾಸದ ಎರಡು ಪ್ರೊಸೆಸರಿನ ಡೆಸ್ಕ್‌ಟಾಪ್ ಕೊಳ್ಳತಕ್ಕ ವಸ್ತುವಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೆಚ್ಚು ಕೋರ್‌ಗಳುಳ್ಳ ಒಂದೇ ಪ್ರೊಸೆಸರ್ ಅವನಿಗೆ ಧಾರಾಳವಾಗಿ ಸಾಕು.

ತಂದೆಯವರಿಗೂ ನಾನು ಒಂದು ಮಾತು ಹೇಳಿದೆ. ಮಗನ ಆಸೆಯನ್ನು ದುಂದು ಎಂದು ಒಂದೇ ಪದದಲ್ಲಿ ಹೊಡೆದುಹಾಕುವುದೂ ಒಂದು ಬಗೆಯ ಹಿಂಸೆಯೇ. ಯಂತ್ರದ ಒಳಗನ್ನು ಅರಿಯಬೇಕೆಂಬ ಕುತೂಹಲ ಜ್ಞಾನದ ಬೀಜ, ಅದನ್ನು ಹೊಸಕಬಾರದು. ಎಲ್ಲೆ ಹಾಕಬೇಕಾದದ್ದು ಇಚ್ಛೆಗೇ ಹೊರತು ಜಿಜ್ಞಾಸೆಗೆ ಅಲ್ಲ. ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರಿರುವುದನ್ನು ನೆನೆಯಬೇಕು.

ತರುಣನಿಗೆ ಹೇಳಿದ್ದು ಇಷ್ಟು: “ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕುಳಿತು ಎರಡು ವಿಷಯ ಬರೆದಿಡು. ಈ ಯಂತ್ರದಿಂದ ವರ್ಷವಿಡೀ ಮಾಡುವ ಕೆಲಸವೇನು, ಅದಕ್ಕೆ ವ್ಯಯಿಸುವ ಗರಿಷ್ಠ ಹಣವೆಷ್ಟು. ಅಪ್ಪನ ಮುಂದೆ ಕುಳಿತೇ ಬರೆ. ಉಳಿಯುವ ಹಣ ಮೊದಲು ಸಾಲಕ್ಕೆ ಹೋಗಲಿ. ಸಾಲ ತೀರಿದ ಮೇಲೆ ಅದರಲ್ಲಿ ಒಂದಂಶ ಶಾಸ್ತ್ರದಾನಕ್ಕೆ ಹೋಗಲಿ.” ಅಂಗಡಿಯ ಬೆಳಕಿನಲ್ಲಿ ನಿಂತು ಹಾಕಿಕೊಳ್ಳುವ ಎಲ್ಲೆ ಅಲ್ಲಿಯೇ ಅಳಿಸಿಹೋಗುತ್ತದೆ. ಮನೆಯಲ್ಲಿ, ಸಮಚಿತ್ತದಲ್ಲಿ, ಮೊದಲೇ ಹಾಕಿಕೊಂಡ ಎಲ್ಲೆಯೇ ವ್ರತ.

ಹುಡುಗ ತಲೆದೂಗಿದ. “ಅಪ್ಪನ ಮುಂದೆ ಕುಳಿತು ಬರೆಯುವುದೇ ಕಷ್ಟ ಮಾವ” ಎಂದು ನಕ್ಕ. ಅದು ಸಾಧ್ಯವಾದ ದಿನ ಯಂತ್ರ ಬರಲಿ, ಬಾರದಿರಲಿ, ಆ ಮನೆಗೆ ಬರಬೇಕಾದದ್ದು ಬಂದಂತೆಯೇ.