ಕಾಮಣಿ: ಕಣ್ಣು ಹಳದಿಯಾಗುವ ಮೊದಲೇ



ಗೊಬ್ಬೂರ, ಅಫಜಲಪುರ, ಆಳಂದ, ಜೇವರ್ಗಿ ಸೀಮೆಯಲ್ಲಿ ಇದಕ್ಕೆ ಕಾಮಣಿ ಎನ್ನುತ್ತಾರೆ. ನಮ್ಮ ಮನೆಯ ಹಿರಿಯರ ಬಾಯಲ್ಲಿ ಯರ್ಖಾನ್. ಕಣ್ಣು ಹಳದಿಯಾದ ಮೇಲೆಯೇ ನಮಗೆ ಈ ಹೆಸರು ನೆನಪಾಗುವುದು. ಆದರೆ ಅಷ್ಟು ಹೊತ್ತಿಗೆ ಕಾಯಿಲೆ ಅರ್ಧ ದಾರಿ ಸಾಗಿರುತ್ತದೆ.

ಕಾಮಣಿ ತರುವ ಕಾರಣಗಳು ಹಲವು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಹೆಪಟೈಟಿಸ್ ಎ ಎಂಬ ವೈರಸ್. ರೋಗಿಯ ಮಲದಿಂದ ಹೊರಬಿದ್ದ ಈ ವೈರಸ್ ನೀರು, ಆಹಾರ ಅಥವಾ ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತದೆ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರುಗಳಲ್ಲಿ ಪೈಪು ಖಾಲಿ ಇದ್ದಾಗ, ಒಡೆದ ಜಾಗದಿಂದ ಚರಂಡಿಯ ನೀರನ್ನು ಒಳಗೆಳೆದುಕೊಳ್ಳುತ್ತದೆ. ನಂತರ ಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದನ್ನು ನಂಬುವಂತಿಲ್ಲ. ಇಫ್ತಾರಿನ ಶರಬತ್ತಿಗೆ ಹಾಕುವ ಮಂಜುಗಡ್ಡೆಯೂ ಹಾಗೆಯೇ. ತಣ್ಣಗಾದರೆ ವೈರಸ್ ಸಾಯುವುದಿಲ್ಲ.

ವೈರಸ್ ಹೊಟ್ಟೆ ಸೇರಿದ ಮೇಲೆ 15ರಿಂದ 50 ದಿನ, ಸಾಮಾನ್ಯವಾಗಿ ನಾಲ್ಕು ವಾರ, ಏನೂ ತಿಳಿಯುವುದಿಲ್ಲ. ಹೋದ ತಿಂಗಳ ಮದುವೆಯೂಟದ ಫಲ ಈ ತಿಂಗಳು ಕಾಣುತ್ತದೆ. ಆಮೇಲೆ ಜ್ವರ, ಮೈಕೈ ನೋವು, ವಿಪರೀತ ಸುಸ್ತು, ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು. ಅನ್ನ ಕಂಡರೆ ಬೇಡವೆನ್ನಿಸುತ್ತದೆ. ಬೀಡಿ ಸೇದುವ ಗಂಡಸರಿಗೆ ಬೀಡಿಯೂ ರುಚಿಸುವುದಿಲ್ಲ. ಕೆಲವು ದಿನಗಳಲ್ಲಿ ಮೂತ್ರ ಕಡು ಚಹದ ಬಣ್ಣಕ್ಕೆ ತಿರುಗುತ್ತದೆ, ಮಲ ಬಿಳುಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ. ಕೆಲವರಿಗೆ ಮೈ ತುರಿಸುತ್ತದೆ. ವಿಚಿತ್ರವೆಂದರೆ, ಹಳದಿ ಬಂದ ಮೇಲೆ ಜ್ವರ ಇಳಿದು ರೋಗಿಗೆ ತುಸು ಹಾಯೆನಿಸುವುದೂ ಉಂಟು.

ತಾಯಂದಿರು ಗಮನಿಸಬೇಕಾದದ್ದು ಇಲ್ಲಿದೆ. ರೋಗ ಅತಿ ಹೆಚ್ಚು ಹರಡುವುದು ಹಳದಿ ಕಾಣುವ ಮೊದಲಿನ ಎರಡು ವಾರಗಳಲ್ಲಿ. ಹಳದಿ ಬಂದು ಒಂದು ವಾರವಾದರೆ ಹರಡುವ ಭಯ ಬಹಳ ಮಟ್ಟಿಗೆ ಕಳೆದಿರುತ್ತದೆ. ಆರು ವರ್ಷದೊಳಗಿನ ಹೆಚ್ಚಿನ ಮಕ್ಕಳಿಗಂತೂ ಹಳದಿ ಬರುವುದೇ ಇಲ್ಲ. ಆಡುತ್ತಲೇ ಮನೆಮಂದಿಗೆಲ್ಲ ಹಂಚುತ್ತವೆ. ಆದ್ದರಿಂದ ಶೌಚದ ನಂತರ, ಮಗುವಿನ ಕುಂಡೆ ತೊಳೆಸಿದ ನಂತರ, ರೊಟ್ಟಿ ತಟ್ಟಲು ಕೂರುವ ಮುನ್ನ ಸೋಪಿನಿಂದ ಕೈ ತೊಳೆಯಬೇಕು. ಬರೀ ನೀರು ಸಾಲದು. ಕುಡಿಯುವ ನೀರು ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು.

ನಮ್ಮ ಅಜ್ಜಿಯರಿಗೆ ಇದು ಬಾಲ್ಯದಲ್ಲೇ ಸದ್ದಿಲ್ಲದೆ ಬಂದು ಹೋಗುತ್ತಿತ್ತು. ಒಮ್ಮೆ ಬಂದರೆ ಜೀವನಪೂರ್ತಿ ಮತ್ತೆ ಬರುವುದಿಲ್ಲ. ಶುದ್ಧ ನೀರು ಕುಡಿದು ಬೆಳೆದ ಇಂದಿನವರಿಗೆ ಅದು ದೊಡ್ಡವರಾದ ಮೇಲೆ ಬರುತ್ತಿದೆ, ಜೋರಾಗಿ ಬರುತ್ತಿದೆ. 2024ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯ ವೆಂಗೂರಿನಲ್ಲಿ ನಲ್ಲಿ ನೀರಿನಿಂದ 200ಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಎ ತಗುಲಿ ಸಾವುಗಳೂ ಆದವು.

ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಹೆಚ್ಚಿನವರು ಎರಡು ತಿಂಗಳೊಳಗೆ ತಾವಾಗಿ ಗುಣವಾಗುತ್ತಾರೆ. ಕೊರಳಿಗೆ ಕಟ್ಟುವ ಕಾಮಣಿ ಹಾರಕ್ಕೆ ಹೆಸರು ಬಂದದ್ದೂ ಹೀಗೆಯೇ. ಹಸಿ ಕಡ್ಡಿಗಳು ಒಣಗಿದಂತೆ ಗಂಟು ಸಡಿಲಾಗಿ ಹಾರ ಉದ್ದವಾಗುತ್ತದೆ, ಅಷ್ಟರಲ್ಲಿ ರೋಗವೂ ಇಳಿಯುತ್ತದೆ. ಹಾರ ಕಟ್ಟಿದರೆ ಕಟ್ಟಲಿ, ನನ್ನ ತಕರಾರಿಲ್ಲ. ಆದರೆ ಬರೆ ಹಾಕಿಸಬೇಡಿ. ಸುಟ್ಟ ಗಾಯ ಕೀವಾಗುವುದಲ್ಲದೆ ಬೇರೆ ಲಾಭವಿಲ್ಲ. ವೈದ್ಯರನ್ನು ಕೇಳದೆ ಯಾವುದೋ ಬೇರು, ಭಸ್ಮ, ಜ್ವರದ ಮಾತ್ರೆಗಳನ್ನು ಮೇಲಿಂದ ಮೇಲೆ ಕೊಟ್ಟರೆ ಬಳಲಿದ ಯಕೃತ್ತಿಗೆ ಇನ್ನಷ್ಟು ಹೊರೆ.

ಪಥ್ಯದ ಹೆಸರಿನಲ್ಲಿ ರೋಗಿಯನ್ನು ಉಪವಾಸ ಕೆಡವುವುದೂ ತಪ್ಪು. ಅರಿಶಿನ ತಿಂದರೆ ಹಳದಿ ಹೆಚ್ಚುತ್ತದೆಂಬುದು ಬರೀ ಕಲ್ಪನೆ. ಸಂಜೆಯಾದಂತೆ ವಾಕರಿಕೆ ಹೆಚ್ಚುವುದರಿಂದ ಬೆಳಿಗ್ಗೆಯೇ ಚೆನ್ನಾಗಿ ಉಣಿಸಿ. ಗಂಜಿ, ಮೆತ್ತನೆಯ ರೊಟ್ಟಿ, ಬೇಳೆ, ಮಜ್ಜಿಗೆ, ಹಣ್ಣು, ಸೇರುವುದನ್ನು ಕೊಡಿ.

ಹತ್ತರಲ್ಲಿ ಒಬ್ಬರಿಗೆ, ಗುಣವಾಯಿತೆಂದ ಮೇಲೆ ಮತ್ತೆ ಹಳದಿ ಮರುಕಳಿಸಬಹುದು. ಆರು ತಿಂಗಳವರೆಗೂ ಎಳೆಯಬಹುದು. ಕೊನೆಗೆ ಅದೂ ವಾಸಿಯಾಗುತ್ತದೆ. ಹೆಪಟೈಟಿಸ್ ಬಿ ಯಂತೆ ಇದು ದೇಹದಲ್ಲಿ ಉಳಿದುಬಿಡುವುದಿಲ್ಲ. ಹಾಗಾಗಿ ಮಗಳ ಮದುವೆಗೆ ತೊಡಕಾದೀತೆಂದು ಕಾಮಣಿಯನ್ನು ಮುಚ್ಚಿಡುವವರಿಗೆ ಆ ಚಿಂತೆ ಬೇಡ. ಮಕ್ಕಳಿಗೆ ಒಂದು ವರ್ಷ ತುಂಬಿದ ಮೇಲೆ ಹಾಕಿಸಬಹುದಾದ ಲಸಿಕೆಯೂ ಇದೆ. ಅದು ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ಹಾಕಿಸಿಕೊಳ್ಳಬೇಕು.

ಆದರೆ ರೋಗಿ ಅಸಂಬದ್ಧ ಮಾತಾಡಿದರೆ, ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಎಚ್ಚರವಿದ್ದರೆ, ಒಸಡಿನಲ್ಲಿ ರಕ್ತ ಬಂದರೆ, ನೀರೂ ನಿಲ್ಲದಂತೆ ವಾಂತಿಯಾದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅದೇ ದಿನ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಗರ್ಭಿಣಿಯ ಕಣ್ಣು ಹಳದಿಯಾದರೆ ಈ ಯಾವ ಲಕ್ಷಣಕ್ಕೂ ಕಾಯಬೇಡಿ. ನೀರಿನಿಂದಲೇ ಹರಡುವ ಹೆಪಟೈಟಿಸ್ ಇ ಎಂಬ ಇನ್ನೊಂದು ವೈರಸ್ ಮೇಲುನೋಟಕ್ಕೆ ಥೇಟ್ ಇದರಂತೆಯೇ ಇರುತ್ತದೆ. ತುಂಬು ತಿಂಗಳ ಬಸುರಿಗೆ ಅದು ಪ್ರಾಣಾಪಾಯ. ಯಾವುದೆಂದು ಹೇಳುವುದು ರಕ್ತ ಪರೀಕ್ಷೆ ಮಾತ್ರ.