ರಿಮೋಟ್ ಕೈಲಿದ್ದರೆ ಕರ್ಣ ಯಾರ ಕಡೆ?

2025ರ ಜುಲೈನಲ್ಲಿ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂತು. ಕಂಬ ಒಡೆದು ಬರುವ ನರಸಿಂಹ ಈಗಿನ ಮಕ್ಕಳಿಗೆ ಬ್ಯಾಟ್‌ಮನ್ನನ ಸಾಲಿನ ಸೂಪರ್‌ಹೀರೋ. ಕ್ಲೀಮ್ ಮತ್ತು ಹೊಂಬಾಳೆ ಸಂಸ್ಥೆಗಳು 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ ಎಂದು 2037ರವರೆಗೂ ಅನಿಮೇಷನ್ ಸರಣಿ ಪ್ರಕಟಿಸಿವೆ. ಹೊರಗಡೆಯಂತೂ, ಮುಂದೇನಾಗಬೇಕೆಂದು ನೋಡುವವರೇ ಗುಂಡಿ ಒತ್ತಿ ಆರಿಸುವ ಸೂಪರ್‌ಹೀರೋ ಚಿತ್ರಗಳು ಆಗಲೇ ಬಂದು ಹೋಗಿವೆ. ಅದು ನಮ್ಮ ಕಥೆಗಳಿಗೂ ಬರಬೇಕೆ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಕ್ಷಗಾನದ ಆಟ, ತಾಳಮದ್ದಳೆ ನೋಡುತ್ತ ಬೆಳೆದ ಇಬ್ಬರ ವಾದ ಇಲ್ಲಿದೆ.

ಪರ

ರಾಮಾಯಣಕ್ಕೆ ಒಂದೇ ದಾರಿ ಎಂದು ಬೇರೆ ಯಾರು ಹೇಳಿದರೂ ನಮ್ಮ ಮೂರು ತಾಲ್ಲೂಕಿನವರು ಹೇಳುವಂತಿಲ್ಲ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಜ್ವಾಲಾಮಾಲಿನಿಗೆ ಕೈಮುಗಿಯುವ ಜೈನರ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ನಾಗಚಂದ್ರನ ಪಂಪರಾಮಾಯಣ ಓದಿದವರಿಗೆ ಇದು ಹೊಸದಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು 'ಶೂದ್ರ ತಪಸ್ವಿ'ಯಲ್ಲಿ ತಪಸ್ಸಿಗೆ ಕೂತ ಶೂದ್ರ ಶಂಬೂಕನನ್ನು ಉಳಿಸಿ, ರಾಮನ ಅಸ್ತ್ರವನ್ನು ಅವನ ಸಾವು ಬೇಡಿದ ಬ್ರಾಹ್ಮಣನ ಕಡೆಗೇ ತಿರುಗಿಸಿದರು. 'ರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಇಷ್ಟು ಕವಲುಗಳ ನಡುವೆ ಬೆಳೆದ ಮಗು ತಾನೂ ಒಂದು ಕವಲು ಹಿಡಿದು ನೋಡುತ್ತೇನೆ ಎಂದರೆ ಬೇಡ ಎನ್ನುವುದೇಕೆ?

ಇದು ಬರೀ ಆಟಿಕೆ ಎನ್ನುವವರು 2020ರಲ್ಲಿ ಬಂದ 'ಬ್ಯಾಟ್‌ಮನ್: ಡೆತ್ ಇನ್ ದಿ ಫ್ಯಾಮಿಲಿ' ನೋಡಬೇಕು. ಖಳ ಜೋಕರನ ಕೈಗೆ ಸಿಕ್ಕ ಬ್ಯಾಟ್‌ಮನ್ನನ ಜೊತೆಗಾರ ರಾಬಿನ್ ಸಾಯಬೇಕೆ, ತಾನೇ ಪಾರಾಗಬೇಕೆ, ಬ್ಯಾಟ್‌ಮನ್ ಬಂದು ಬಿಡಿಸಬೇಕೆ ಎಂದು ಚಿತ್ರ ನಮ್ಮನ್ನೇ ಕೇಳುತ್ತದೆ. ಅಯ್ಯೋ ಪಾಪ ಎಂದು ಬಿಡಿಸುವುದನ್ನು ಆರಿಸಿಕೊಂಡರೆ ಬ್ಯಾಟ್‌ಮನ್ನೇ ಸಾಯುತ್ತಾನೆ! ಒಳ್ಳೆಯದನ್ನು ಆರಿಸಿದರೆ ಒಳ್ಳೆಯದೇ ಆಗುತ್ತದೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಪಾಠದ ಪುಸ್ತಕದ ನೀತಿಕಥೆಗಿಂತ ಇದು ಮಗುವನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ ಎಂದು ನನ್ನ ನಂಬಿಕೆ. ಗುಂಡಿ ಒತ್ತುವ ಮೊದಲು ಅಣ್ಣ ತಂಗಿ ಜಗಳ ಆಡುತ್ತಾರಲ್ಲ, ಅದೂ ತಾಳಮದ್ದಳೆಯಂತೆ ಅರ್ಥ ಹೇಳುವುದೇ.

ವಿರೋಧ

ಜಗಳಕ್ಕೆ ನನ್ನ ತಕರಾರಿಲ್ಲ. ನಾನು 'ಕರ್ಣಭೇದನ' ಪ್ರಸಂಗದಿಂದಲೇ ಶುರು ಮಾಡುತ್ತೇನೆ. ಕೃಷ್ಣ ಕರ್ಣನನ್ನು ಒಬ್ಬನೇ ಮಾಡಿಕೊಂಡು ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ಕೌಂತೇಯ, ಐವರಿಗೂ ಹಿರಿಯ, ಬಂದರೆ ಸಿಂಹಾಸನವೂ ನಿನ್ನದೇ. ಆ ಹೊತ್ತಿಗೆ ಚಪ್ಪರದಲ್ಲಿ ಕೂತ ಅಷ್ಟೂ ಜನರಿಗೆ 'ಹೋಗೋ ಮಾರಾಯ' ಎನ್ನಿಸುತ್ತದೆ. ಕರ್ಣ ಹೋಗುವುದಿಲ್ಲ. ಅನ್ನ ಹಾಕಿದವನನ್ನು ಬಿಟ್ಟು ಬರಲಾರೆ ಎನ್ನುತ್ತಾನೆ. ನಮ್ಮ ಆಸೆ ನಡೆಯಲಿಲ್ಲವಲ್ಲ, ಆ ಸಂಕಟಕ್ಕೇ ಅಷ್ಟು ಹೊತ್ತು ನಿದ್ದೆಗೆಟ್ಟು ಕೂತಿದ್ದು. ಇಲ್ಲಿ ನಮ್ಮ ಕೈಗೆ ರಿಮೋಟ್ ಕೊಟ್ಟರೆ ಕರ್ಣನನ್ನು ಪಾಂಡವರ ಬಿಡಾರಕ್ಕೆ ಸೇರಿಸಿ ಹಾಯಾಗಿ ಮಲಗುತ್ತೇವೆ. ಆರಿಸಬೇಕಾದವನು ಕರ್ಣ, ನಾವಲ್ಲ.

ತಾಳಮದ್ದಳೆಯಲ್ಲಿ ಸ್ವಾತಂತ್ರ್ಯ ಇಲ್ಲವೆ? ಬೇಕಾದಷ್ಟಿದೆ. ಭಾಗವತರು ಹಾಡುವ ಪದ್ಯ ಕವಿ ಕಟ್ಟಿಟ್ಟದ್ದು, ಆದರೆ ಅರ್ಥ ಹುಟ್ಟುವುದು ಆ ರಾತ್ರಿಯೇ. ಬಾಣ ತಿಂದು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ರಾಮನನ್ನು ಕೇಳುವಾಗ, ಗಟ್ಟಿ ಅರ್ಥಧಾರಿಯಾದರೆ ರಾಮನ ಬಾಯಿ ಕಟ್ಟಿಸಿಬಿಡುತ್ತಾನೆ. ಸಭೆ ವಾಲಿಯ ಕಡೆ ವಾಲುತ್ತದೆ. ಆದರೂ ಮುಂದಿನ ಪದ್ಯದಲ್ಲಿ ವಾಲಿ ಸಾಯಲೇಬೇಕು. ಕೃಷ್ಣ ಎಷ್ಟು ಚೆನ್ನಾಗಿ ಮಾತಾಡಿದರೂ ಸಂಧಾನ ಮುರಿಯಲೇಬೇಕು. ಗೆದ್ದ ವಾದವೂ ಕಥೆಯನ್ನು ತಿರುಗಿಸಲಾರದು ಎಂಬುದು ಗೊತ್ತಿರುವುದರಿಂದಲೇ ಆ ವಾದಕ್ಕೆ ಅಷ್ಟು ಕಾವು.

ಇನ್ನು ಕುವೆಂಪು. ಅವರು ಕಥೆ ತಿರುಗಿಸಿದ್ದು ನಿಜ. ತಮ್ಮ ಹೆಸರು ಹಾಕಿ ತಿರುಗಿಸಿದರು. 'ಶೂದ್ರ ತಪಸ್ವಿ'ಗೆ ಮಾಸ್ತಿಯವರಂಥ ಹಿರಿಯರು ಆಕ್ಷೇಪ ಎತ್ತಿದಾಗ ಉತ್ತರವನ್ನೂ ಕೊಟ್ಟರು. ಸೋಫಾದ ಮೇಲೆ ಕೂತು ಗುಂಡಿ ಒತ್ತಿದವನನ್ನು ಯಾರು ಕೇಳಬೇಕು? ಹತ್ತು ನಿಮಿಷಕ್ಕೆ ಬೇಜಾರಾದರೆ ಹಿಂದಕ್ಕೆ ಹೋಗಿ ಇನ್ನೊಂದನ್ನು ಒತ್ತುತ್ತಾನೆ. ಶೃಂಗೇರಿಯ ಪರಂಪರೆ ನೆನೆಯುವ ಮಂಡನಮಿಶ್ರ ಶಂಕರರಿಗೆ ವಾದದಲ್ಲಿ ಸೋತು, ಒಪ್ಪಿದ ಪಣದಂತೆ ಮನೆಮಠ ಬಿಟ್ಟು ಸಂನ್ಯಾಸಿಯಾದರು, ಸುರೇಶ್ವರರೆಂದು ಅದೇ ಪೀಠದಲ್ಲಿ ಕೂತರು. ಆಯ್ಕೆ ಎಂದರೆ ನನ್ನ ಮಟ್ಟಿಗೆ ಅದು. ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಜನ ಸೇರಿ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ರಾಬಿನ್ ಸಾಕ್ಷಿ. 1988ರಲ್ಲಿ ಕಾಮಿಕ್ ಪ್ರಕಾಶಕರು ಇವನು ಉಳಿಯಬೇಕೋ ಸಾಯಬೇಕೋ ಎಂದು ಎರಡು ಫೋನ್ ನಂಬರ್ ಕೊಟ್ಟರು, ಒಂದು ಕರೆಗೆ ಐವತ್ತು ಸೆಂಟ್. ಸಾಯಲಿ ಎಂದ ಕರೆ 5,343, ಉಳಿಯಲಿ ಎಂದದ್ದು 5,271. ಬರೀ 72 ಕರೆಗೆ ಒಬ್ಬ ಹುಡುಗ ಹೋದ. ಗ್ರಾಮ ಪಂಚಾಯ್ತಿ ಚುನಾವಣೆಗೆ ಆ ಅಂತರ ಸಾಕು, ಕಥೆಗೆ ಸಾಲದು.

ಪರ

72ರ ಲೆಕ್ಕ ಒಪ್ಪಿದೆ, ಟಾಕೀಸಿನಲ್ಲಿ ಕೈಯೆತ್ತಿಸುವುದು ನನಗೂ ಬೇಡ. ಆದರೆ 1967ರಲ್ಲಿ ಮಾಂಟ್ರಿಯಲ್ ಮೇಳದಲ್ಲಿ ಜೆಕ್ಕರು ತೋರಿಸಿದ 'ಕಿನೋಆಟೋಮ್ಯಾಟ್'ನಲ್ಲಿ ಪ್ರೇಕ್ಷಕರು ಗುಂಡಿ ಒತ್ತಿ ಮತ ಹಾಕಿದರು. ಏನೇ ಆರಿಸಿದರೂ ಕೊನೆಗೆ ಉರಿಯುವ ಕಟ್ಟಡಕ್ಕೇ ಬಂದು ನಿಲ್ಲುವ ಕಥೆ ಅದು. ಇದು ನಿಮ್ಮ ಭಾಗವತರ ಪದ್ಯವಲ್ಲದೆ ಇನ್ನೇನು?

ವಿರೋಧ

ಜೆಕ್ಕರು ಬುದ್ಧಿವಂತರು. ಆದರೆ ಆಮೇಲಿನವರ ಗತಿ ನೋಡಿ. ನೆಟ್‌ಫ್ಲಿಕ್ಸ್ 2018ರಲ್ಲಿ 'ಬ್ಯಾಂಡರ್‌ಸ್ನ್ಯಾಚ್' ತಂದಿತು, 2020ರಲ್ಲಿ ಮಕ್ಕಳಿಗೆಂದು ಚಡ್ಡಿ ಸೂಪರ್‌ಹೀರೋ ಕ್ಯಾಪ್ಟನ್ ಅಂಡರ್‌ಪ್ಯಾಂಟ್ಸ್‌ನ ಇಂಥದೇ ಚಿತ್ರ ತಂದಿತು. 2024ರ ಡಿಸೆಂಬರ್ ಹೊತ್ತಿಗೆ ಅಂಥವುಗಳಲ್ಲಿ ಬಹುಪಾಲನ್ನು ತೆಗೆದುಹಾಕಿತು, 'ಬ್ಯಾಂಡರ್‌ಸ್ನ್ಯಾಚ್' ಮರುವರ್ಷ ಹೋಯಿತು. ಅನಿಮೇಷನ್ನಿನಲ್ಲಿ ಪ್ರತಿ ಕವಲನ್ನೂ ಬೇರೆಯಾಗಿ ಚಿತ್ರಿಸಬೇಕು, ನೋಡುವವನಿಗೆ ಸಿಗುವುದು ಒಂದೋ ಎರಡೋ. ನೀವು ಹೊಗಳಿದ ರಾಬಿನ್ ಚಿತ್ರವೂ ಆರಿಸಿ ನೋಡಲು ಸಿಕ್ಕಿದ್ದು ಬ್ಲೂ-ರೇ ಡಿಸ್ಕಿನಲ್ಲಿ ಮಾತ್ರ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮೂರಿಗೆ ಇದನ್ನು ತರುವುದು ಹೇಗೆ, ಅದನ್ನೂ ಹೇಳಿ.

ಪರ

ಕರೆಂಟಿನ ಮಾತು ಮೆಸ್ಕಾಂಗೆ ಬಿಡೋಣ. ನಾನು ಕೇಳುವುದು ಇಷ್ಟೆ. 2029ರ ಆ ರಘುನಂದನದಲ್ಲಿ ವಾಲಿವಧೆ ಬಂದರೆ, ಬಾಣ ಬಿಡಬೇಕೋ ಬೇಡವೋ ಎಂದು ನಮ್ಮನ್ನು ಕೇಳುವುದು ಬೇಡ. ಬಾಣ ಹೋಗಲಿ. ವಾಲಿಯ ಪಕ್ಕ ಕೂತು ಕೇಳುತ್ತೀರಾ, ರಾಮನ ಪಕ್ಕ ನಿಂತು ಕೇಳುತ್ತೀರಾ ಎಂದು ಮಾತ್ರ ಕೇಳಲಿ.

ವಿರೋಧ

ಅಷ್ಟಕ್ಕಾದರೆ ನಾನೂ ಟಿಕೆಟ್ ತೆಗೆದುಕೊಳ್ಳುತ್ತೇನೆ. ಆದರೆ ವಾಲಿಯ ಪಕ್ಕ ಕೂತವನು ಕೊನೆವರೆಗೂ ಅಲ್ಲೇ ಕೂರಬೇಕು. ಹಿಂದಕ್ಕೆ ಹೋಗುವ ಗುಂಡಿ ಇಟ್ಟರೆ ನನ್ನ ವಿರೋಧವನ್ನು ಹಾಗೇ ಬರೆದುಕೊಳ್ಳಿ.